ಹಿಂದಕ್ಕೆ ಓಡುವ ಮಾತು

ಕಳೆದ ವರ್ಷದ ಆಷಾಢದಲ್ಲಿ ಒಂದು ಸಂಜೆ ನಮ್ಮ ಬೀದಿಯ ರಾಯರೊಬ್ಬರು ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಮನೆಗೆ ಬಂದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮಾತು ಕಡಮೆ. ಅವರ ತಂಗಿಯ ಮಗ ಸಣ್ಣದೊಂದು ಅಚ್ಚುಕೂಟ ಹಾಕುವುದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದ. ಇವರು ಜಾಮೀನು ನಿಂತಿದ್ದರು. ಈಗ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತ್ತು.

"ಮೇಷ್ಟ್ರೇ, ಇಂಗ್ಲಿಷು ನನಗೇನೂ ಬಾರದ ಭಾಷೆಯಲ್ಲ. ಆದರೆ ಈ ಒಂದು ವಾಕ್ಯ ಹಿಡಿತಕ್ಕೆ ಸಿಗಲಿಲ್ಲ. ಕನ್ನಡದಲ್ಲಿ ಹೇಳಿಬಿಡಿ" ಎಂದರು.

ಆ ವಾಕ್ಯದ ನಡುವೆ 'ರಿಕೋರ್ಸ್' ಎಂಬ ಪದವಿತ್ತು. ಸಾಲಗಾರ ಕಂತು ಕಟ್ಟದೆ ಹೋದಲ್ಲಿ ಬ್ಯಾಂಕಿಗೆ ಜಾಮೀನುದಾರನ ಕಡೆಗೆ 'ರಿಕೋರ್ಸ್' ಇರುತ್ತದೆ ಎಂದು ಅದರ ತಾತ್ಪರ್ಯ. ನಾನು ಕನ್ನಡ ಪಾಠ ಹೇಳುವವನು. ಇಂಗ್ಲಿಷ್ ಪದವೊಂದಕ್ಕೆ ಕನ್ನಡ ಪದ ಹುಡುಕಲು ತಡವರಿಸುವುದು ನನ್ನ ಅಭಿಮಾನಕ್ಕೆ ಒಪ್ಪದ ಸಂಗತಿ. ಒಡನೆಯೇ ಹೇಳಿದೆ: "ಹುಡುಗ ಕಟ್ಟದಿದ್ದರೆ ಬ್ಯಾಂಕು ನಿಮ್ಮ ಮೊರೆಹೋಗುತ್ತದೆ ಎಂದು ಬರೆದಿದ್ದಾರೆ."

ರಾಯರ ಮುಖ ಅರಳಿತು. "ಮೊರೆಹೋಗುತ್ತಾರೆಯೆ? ಹೋಗಲಿ ಬಿಡಿ. ನನ್ನನ್ನು ಕೇಳಿಕೊಂಡರೆ ನಾನು ಹುಡುಗನಿಗೆ ನಾಲ್ಕು ಬುದ್ಧಿಮಾತು ಹೇಳುತ್ತೇನೆ" ಎಂದು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟರು.

ಮೂರು ವಾರ ಕಳೆದ ಮೇಲೆ ಎರಡನೆಯ ಕಾಗದ ಬಂತು. ಬಾಕಿಯನ್ನೆಲ್ಲ ಜಾಮೀನುದಾರರೇ ಕಟ್ಟಬೇಕು, ತಪ್ಪಿದರೆ ಮುಂದಿನ ಕ್ರಮ ಎಂದು ಅದರಲ್ಲಿತ್ತು. ಈ ಸಲ ಅರ್ಥ ಹೇಳಲು ಮೇಷ್ಟ್ರ ಅವಶ್ಯಕತೆ ಇರಲಿಲ್ಲ. ಆ ಮೂರು ವಾರಗಳಲ್ಲಿ ಹುಡುಗ ಯಂತ್ರವನ್ನು ಯಾರಿಗೋ ಮಾರಿ ಊರು ಬಿಟ್ಟಿದ್ದ. ರಾಯರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರ ಮನೆಯಾಕೆ ಮಾತ್ರ, ಮೊದಲನೆಯ ಕಾಗದದಲ್ಲಿ ಏನಿತ್ತೆಂದು ನಾನು ಮತ್ತೆ ವಿವರಿಸುತ್ತಿದ್ದಾಗ, ನಡುವೆ ತಡೆದು ಹೇಳಿದರು: "ಅಂದರೆ, ಅವನು ಕಟ್ಟದಿದ್ದರೆ ಇವರ ಮೇಲೆ ಬರುತ್ತಾರೆ ಅಂತ ಅನ್ನಿ."

ಅದೇ ಸರಿಯಾದ ಭಾಷಾಂತರವಾಗಿತ್ತು. ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಅದು ಹೊಳೆದಿರಲಿಲ್ಲ.

ಈ ಲೇಖನಕ್ಕೆ ಆ ನಾಚಿಕೆಯೇ ಕಾರಣ. ಒಂದು ಪದ ಹೇಗೆ ನನಗೆ ಮೋಸ ಮಾಡಿತು, ಅಥವಾ ನಾನೇ ಅದಕ್ಕೆ ಹೇಗೆ ಮೋಸ ಮಾಡಿದೆ ಎಂದು ತಿಳಿಯುವ ಹಟದಿಂದ ನಿಘಂಟುಗಳನ್ನು ತಿರುವಿಹಾಕಿದೆ. ಕಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

'ರಿಕೋರ್ಸ್' ಲ್ಯಾಟಿನ್ನಿನಿಂದ ಬಂದದ್ದು. 'ಕುರ್ರೆರೆ' ಎಂದರೆ ಓಡು. 'ರೆ' ಎಂಬುದು ಹಿಂದಕ್ಕೆ ಅಥವಾ ಮತ್ತೆ ಎಂಬರ್ಥದ ಉಪಸರ್ಗ. ಎರಡೂ ಸೇರಿ 'ರಿಕುರ್ಸುಸ್' ಆಯಿತು. ಎಂದರೆ ಹಿಂದಕ್ಕೆ ಓಡುವುದು, ಮರಳಿ ಓಡುವುದು. ಫ್ರೆಂಚಿನ ಬಾಗಿಲಿನಿಂದ ಅದು ಇಂಗ್ಲಿಷಿಗೆ ಬಂದದ್ದು 14ನೆಯ ಶತಮಾನದಲ್ಲಿ. ಈ 'ಕುರ್ರೆರೆ'ಯ ಮಕ್ಕಳು ಮೊಮ್ಮಕ್ಕಳು ನಮ್ಮ ದಿನಬಳಕೆಯಲ್ಲೇ ಇದ್ದಾರೆ. ಕಾಲೇಜಿನ 'ಕೋರ್ಸ್', ತಂತಿಯಲ್ಲಿ ಹರಿಯುವ 'ಕರೆಂಟ್', ಕೈಯಿಂದ ಕೈಗೆ ಓಡಾಡುವ 'ಕರೆನ್ಸಿ' ಎಲ್ಲವೂ ಒಂದೇ ಮನೆತನ. ಓಟ ಈ ವಂಶದ ಕುಲಗುಣ.

ಆಪತ್ತಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳಲ್ಲಿ ಈ ಓಟ ಮತ್ತೆ ಮತ್ತೆ ಕಾಣುತ್ತದೆ. 'ರೆಫ್ಯೂಜ್' ಎಂದರೆ ಹಿಂದಕ್ಕೆ ಪಲಾಯನ ಮಾಡಿ ಸೇರುವ ಎಡೆ. 'ಸಕರ್' ಎಂಬ ಹಳೆಯ ಮಾತೊಂದಿದೆ; ನೆರವು ಎಂದು ಅದರ ಅರ್ಥ. ಅದೂ 'ಕುರ್ರೆರೆ'ಯಿಂದಲೇ ಹುಟ್ಟಿದ್ದು. ಆದರೆ ಅಲ್ಲಿ ಓಡುವವನು ನೆರವು ಕೊಡುವವನು. ಬಿದ್ದವನ ಬಳಿಗೆ, ಅವನನ್ನು ಅಡಿಯಿಂದ ಎತ್ತಿಹಿಡಿಯಲೆಂಬಂತೆ, ಓಡಿಬರುವವನು. ಫ್ರೆಂಚಿನಿಂದ ಬಂದಾಗ ಇದರ ತುದಿಯಲ್ಲಿ ಒಂದು ಸಕಾರವಿತ್ತಂತೆ. ಇಂಗ್ಲಿಷರು ಅದನ್ನು ಬಹುವಚನದ ಗುರುತೆಂದು ಭ್ರಮಿಸಿ ಕತ್ತರಿಸಿಹಾಕಿದರು. ಹೀಗೆ ಒಂದೇ ಧಾತುವಿನಿಂದ ಹುಟ್ಟಿದ ಎರಡು ಪದಗಳಲ್ಲಿ ಒಂದರಲ್ಲಿ ಕೊಡುವವನು ಓಡುತ್ತಾನೆ, ಇನ್ನೊಂದರಲ್ಲಿ ಬೇಡುವವನು ಓಡುತ್ತಾನೆ. ಲೋಕದಲ್ಲಿ ಯಾವ ಓಟ ಹೆಚ್ಚು ಎಂಬುದನ್ನು ನಾನು ಹೇಳಬೇಕಾಗಿಲ್ಲ. 'ಸಕರ್' ಇಂದು ಪುಸ್ತಕದ ಮಾತಾಗಿದೆ. 'ರಿಕೋರ್ಸ್' ಬ್ಯಾಂಕಿನ ಕಾಗದದಲ್ಲಿ ಜೀವಂತವಾಗಿದೆ.

'ರೆಸಾರ್ಟ್' ಎಂಬುದೂ ನೆರೆಮನೆಯದೇ. 'ಕೊನೆಯ ರೆಸಾರ್ಟ್' ಎಂದರೆ ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಉಳಿದ ದಾರಿ. ಅದಕ್ಕೂ ಮೇಲೆ ಅಪೀಲಿಲ್ಲದ ನ್ಯಾಯಸ್ಥಾನ. ಜನ ಮತ್ತೆ ಮತ್ತೆ ಹೋಗುವ ಸ್ಥಳ ಎಂಬರ್ಥದಿಂದ ಅದು ವಿಹಾರಧಾಮವೂ ಆಯಿತು. ನಮ್ಮ ರಾಜ್ಯದಲ್ಲಿ ಈ ಎರಡರ್ಥಗಳೂ ಒಂದೆಡೆ ಕೂಡಿವೆ: ಬಹುಮತಕ್ಕೆ ಅಪಾಯ ಬಂದಾಗ ಶಾಸಕರನ್ನು ಕರೆದೊಯ್ದು ಇಡುವ ಎಡೆಯೂ ರೆಸಾರ್ಟೇ. ಪದಚರಿತ್ರೆ ಬಲ್ಲವನಿಗೆ ಇದರಲ್ಲಿ ಅಚ್ಚರಿಯಿಲ್ಲ.

ಷೇಕ್ಸ್‌ಪಿಯರನ ಕೈಯಲ್ಲಿ 'ರಿಕೋರ್ಸ್' ಪಟ್ಟ ಪಾಡನ್ನು ನೋಡಿದರೆ ಅದರ ಹಳೆಯ ಚೈತನ್ಯ ತಿಳಿಯುತ್ತದೆ. 'ಟ್ರಾಯ್ಲಸ್ ಅಂಡ್ ಕ್ರೆಸಿಡಾ' ನಾಟಕದಲ್ಲಿ ಮುದಿ ಪ್ರಿಯಮ್ ಮತ್ತು ಹೆಕ್ಯುಬರ ಕಣ್ಣೀರು ಮತ್ತೆ ಮತ್ತೆ ಹರಿಯುವುದಕ್ಕೆ ಕವಿ ಈ ಪದವನ್ನು ಬಳಸುತ್ತಾನೆ. ಅಲ್ಲಿ ಅದು ಶುದ್ಧವಾದ ಓಟ, ಹರಿವು. 'ಮೂರನೆಯ ರಿಚರ್ಡ್' ನಾಟಕದ ಮೂರನೆಯ ಅಂಕದಲ್ಲಿ ಸೆರೆಯಲ್ಲಿರುವ ಎಳೆಯ ರಾಜಕುಮಾರರ ಬಳಿಗೆ ಯಾರಿಗೂ 'ರಿಕೋರ್ಸ್' ಇರಕೂಡದೆಂದು ರಿಚರ್ಡ್ ಏರ್ಪಡಿಸುತ್ತಾನೆ. ಅಲ್ಲಿ ಅದು ಪ್ರವೇಶ, ಹೋಗಿಬರುವ ಅವಕಾಶ. ಆ ಒಂದು ಪದವನ್ನು ಮುಚ್ಚಿದ ಕೂಡಲೇ ಮಕ್ಕಳ ಸಾವು ನಿಶ್ಚಯವಾಯಿತೆಂದು ಪ್ರೇಕ್ಷಕನಿಗೆ ತಿಳಿಯುತ್ತದೆ. ಇನ್ನು 'ವಿಂಡ್ಸರಿನ ಉಲ್ಲಸಿತ ಗೃಹಿಣಿಯರು' ಎಂಬ ವಿನೋದ ನಾಟಕದಲ್ಲಿ ಸಂಶಯಗ್ರಸ್ತನಾದ ಗಂಡ ಫೋರ್ಡ್ ವೇಷ ಮರೆಸಿಕೊಂಡು ಫಾಲ್‌ಸ್ಟಾಫನನ್ನು ಕಾಣಬೇಕಾಗಿದೆ. ಬಿಸಿಮಾಡಿದ ಮದ್ಯದ ಒಂದು ಪಾತ್ರೆ ಕೊಡುತ್ತೇನೆ, ಅವನ ಬಳಿಗೆ 'ರಿಕೋರ್ಸ್' ಮಾಡಿಕೊಡು ಎಂದು ಛತ್ರದ ಯಜಮಾನನನ್ನು ಕೇಳುತ್ತಾನೆ. ದೊಡ್ಡವರ ಭೇಟಿಗಾಗಿ ಬಾಗಿಲವನ ಕೈ ಬಿಸಿಮಾಡುವ ಪದ್ಧತಿ ನಮ್ಮ ಕಚೇರಿಗಳಲ್ಲೇ ಹುಟ್ಟಿತೆಂದು ಕೊರಗುವವರು ಈ ದೃಶ್ಯವನ್ನು ಓದಬೇಕು.

ಕಣ್ಣೀರಿನ ಹರಿವು, ರಾಜಕುಮಾರರ ಬಳಿಗೆ ದಾರಿ, ಛತ್ರದಲ್ಲಿ ಲಂಚದ ಭೇಟಿ ಎಂಬ ಈ ಮೂರೂ ಪ್ರಯೋಗಗಳಲ್ಲಿ ಒಂದು ಸಮಾನಾಂಶವಿದೆ. 'ರಿಕೋರ್ಸ್' ಎಲ್ಲಿಯೂ ಕೂಗು ಅಲ್ಲ. ಅದು ದಾರಿ, ದಾರಿ ತೆರೆದಿರುವ ಸ್ಥಿತಿ.

ಇದರ ಹಳೆಯ ಓಟ ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿದಿರುವುದು, ಆಶ್ಚರ್ಯವೆಂದರೆ, ಕಾವ್ಯದಲ್ಲಲ್ಲ, ಹುಂಡಿಯ ಕಾಯಿದೆಯಲ್ಲಿ. ಒಬ್ಬ ವರ್ತಕ ಸರಕು ಮಾರಿ ಹಣದ ಬದಲು ಹುಂಡಿ ಪಡೆಯುತ್ತಾನೆ. ಅದರ ಬೆನ್ನಿಗೆ ರುಜು ಹಾಕಿ ಎರಡನೆಯವನಿಗೆ ಕೊಡುತ್ತಾನೆ, ಅವನು ಮೂರನೆಯವನಿಗೆ. ಕೊನೆಗೆ ಕೈಯಲ್ಲಿ ಹಿಡಿದವನು ಹಣ ಕೇಳಿದಾಗ ಕೊಡಬೇಕಾದವನು ಕೈಯೆತ್ತಿದರೆ ಏನು ಗತಿ? ಹುಂಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬಹುದು. ಬೆನ್ನಿಗೆ ರುಜು ಹಾಕಿದವರಿಂದ ವಸೂಲು ಮಾಡಬಹುದು. ಇದೇ 'ರಿಕೋರ್ಸ್', ಅಕ್ಷರಶಃ ಹಿಂದಕ್ಕೆ ಓಡುವುದು. ನಮ್ಮ ದೇಶದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 52ನೆಯ ವಿಧಿಯಂತೆ, ರುಜು ಹಾಕುವವನು ತನ್ನ ಮೇಲೆ ಹೊಣೆ ಬರಕೂಡದೆಂದು ಸ್ಪಷ್ಟವಾಗಿ ಬರೆದು ತಪ್ಪಿಸಿಕೊಳ್ಳಬಹುದು. ಹಾಗೆ ತಪ್ಪಿಸಿಕೊಳ್ಳುವವನು ಬರೆಯುವ ಮಾತೇ 'ರಿಕೋರ್ಸ್ ಇಲ್ಲದೆ' ಎಂಬುದು. ಎಂದರೆ, ನನ್ನ ಬಳಿಗೆ ಹಿಂದಕ್ಕೆ ಓಡಿಬರಬೇಡ.

ನಮ್ಮ ರಾಯರು ಹಾಗೆ ಬರೆದಿರಲಿಲ್ಲ. ಜಾಮೀನು ನಿಲ್ಲುವವನು ಹಾಗೆ ಬರೆಯುವಂತೆಯೂ ಇಲ್ಲ. ಬರೆದರೆ ಅದು ಜಾಮೀನೇ ಅಲ್ಲ.

ಈಗ ನನ್ನ ತಪ್ಪಿನ ವಿಚಾರ. ನಾನು 'ಮೊರೆಹೋಗು' ಎಂದೆ. ಇಂಗ್ಲಿಷಿನಲ್ಲಿ 'ರಿಕೋರ್ಸ್' ಪದಕ್ಕೆ ಎರಡು ಬಗೆಯ ಬಾಲಗಳು ಅಂಟುತ್ತವೆ: ಒಬ್ಬರ 'ಕಡೆಗೆ' ಮತ್ತು ಒಬ್ಬರ 'ವಿರುದ್ಧ'. ವೈದ್ಯನ ಕಡೆಗೆ 'ರಿಕೋರ್ಸ್' ಎಂದರೆ ನೆರವಿಗೆ ಹೋಗುವುದು. ಹುಂಡಿಗೆ ರುಜು ಹಾಕಿದವನ ವಿರುದ್ಧ 'ರಿಕೋರ್ಸ್' ಎಂದರೆ ಅವನಿಂದ ಕಿತ್ತುಕೊಳ್ಳುವ ಹಕ್ಕು. ಬ್ಯಾಂಕಿನವರು ಬರೆದಾಗ 'ಕಡೆಗೆ' ಎಂಬ ಸೌಮ್ಯವಾದ ಬಾಲದ ಒಳಗೆ 'ವಿರುದ್ಧ'ವೇ ಅಡಗಿರುತ್ತದೆ. ಕನ್ನಡದಲ್ಲಿ ಈ ಎರಡನ್ನೂ ಒಂದೇ ಪದದಲ್ಲಿ ಅಡಗಿಸಲು ಬರುವುದಿಲ್ಲ. 'ಮೊರೆಹೋಗು'ವವನು ಕೆಳಗಿರುತ್ತಾನೆ, 'ಮೇಲೆ ಬರು'ವವನು, ಮಾತೇ ಹೇಳುವಂತೆ, ಮೇಲಿರುತ್ತಾನೆ. ಬ್ಯಾಂಕನ್ನು ಕೆಳಗೆ ಕೂರಿಸಿ ರಾಯರನ್ನು ಮೇಲೆ ಕೂರಿಸಿದ್ದೇ ನನ್ನ ಅಪರಾಧ.

'ಮೊರೆ' ಎಂಬುದು ನಮ್ಮಲ್ಲಿ ಮುಖ್ಯವಾಗಿ ದನಿ. ಕಡಲ ಮೊರೆತ ಎನ್ನುತ್ತೇವೆ. ಪಂಡಿತರು ನಿಷ್ಪತ್ತಿಯನ್ನು ಹೇಗಾದರೂ ಸಾಧಿಸಲಿ, ಮೊರೆಯಿಡುವವನ ಮಾತಿನಲ್ಲಿ ನಮ್ಮ ಕಿವಿ ಆ ಸದ್ದನ್ನೇ ಕೇಳುತ್ತದೆ. 'ಮರೆಹೊಗು' ಎಂಬ ಹಳಗನ್ನಡದ ಮಾತು ಬೇರೆ. ಮರೆಯನ್ನು, ಎಂದರೆ ಕಾಪಿನ ಎಡೆಯನ್ನು, ಹೊಗುವುದು. ಶಾಸನಗಳಲ್ಲಿ ಅರಸರು, ಸಾಮಂತರು ಹೊತ್ತ 'ಶರಣಾಗತ ವಜ್ರಪಂಜರ' ಎಂಬ ಬಿರುದು ಇದಕ್ಕೆ ಸಂಬಂಧಿಸಿದ್ದು: ಶರಣು ಬಂದವನಿಗೆ ಒಡೆಯಲಾಗದ ಗೂಡಾಗುವವನು ಎಂದು ಅದರ ಅರ್ಥ. ಈ ಕಟ್ಟು ಎಷ್ಟು ಬಿಗಿಯಾದದ್ದೆಂಬುದಕ್ಕೆ ಯಕ್ಷಗಾನದ ಕೃಷ್ಣಾರ್ಜುನ ಕಾಳಗವನ್ನು ನೆನೆದರೆ ಸಾಕು. ಗಯನೆಂಬ ಗಂಧರ್ವನಿಗೆ ಅಭಯ ಕೊಟ್ಟ ಅರ್ಜುನ, ಕೊಂದೇ ತೀರುತ್ತೇನೆಂದು ಬಂದವನು ಕೃಷ್ಣನೇ ಎಂದು ತಿಳಿದ ಮೇಲೂ ಮಾತು ಹಿಂತೆಗೆಯುವುದಿಲ್ಲ. ಸಖನ ಮೇಲೆಯೇ ಬಿಲ್ಲೆತ್ತುತ್ತಾನೆ. ಸುಂದರವಾದ ಕಥೆ. ಆದರೆ ಇಲ್ಲಿ ಎಲ್ಲವೂ ಕಾಯುವವನ ದೊಡ್ಡತನವನ್ನು ನೆಚ್ಚಿದೆ. ಮರೆಹೊಕ್ಕವನಿಗೆ ಹಕ್ಕಿಲ್ಲ, ಅದೃಷ್ಟವಿದೆ ಅಷ್ಟೆ.

ನೆರವು ಕೇಳುವುದಕ್ಕೆ ನಾವು ಹೊರಗಿನಿಂದ ತಂದ ಪದಗಳೂ ಇದೇ ಜಾತಿಯವು. ಕೋರ್ಟಿನಲ್ಲಿ ದಿನವೂ ಕೇಳುವ 'ಫಿರ್ಯಾದು' ಪಾರಸಿಯ ಮಾತು, ಮೂಲದಲ್ಲಿ ಆರ್ತನಾದ. 'ಅಹವಾಲು' ಅರಬ್ಬಿಯದು, ಸ್ಥಿತಿಗತಿಗಳು ಎಂದು ಅರ್ಥ. ಅಹವಾಲು ಸಲ್ಲಿಸುವವನು ತನ್ನ ಪಾಡನ್ನು ತೋಡಿಕೊಳ್ಳುತ್ತಾನೆ. 'ಬಿನ್ನಹ' ಸಂಸ್ಕೃತದ ವಿಜ್ಞಾಪನೆಯ ತದ್ಭವ, ತಿಳಿಯಪಡಿಸಿಕೊಳ್ಳುವುದು. ಕೂಗುವುದು, ಪಾಡು ಹೇಳಿಕೊಳ್ಳುವುದು, ತಿಳಿಯಪಡಿಸುವುದು: ನಮ್ಮ ಕಚೇರಿಯ ಶಬ್ದಕೋಶವೆಲ್ಲ ಬಾಯಿಯಿಂದ ಹುಟ್ಟಿದ್ದು. ಇಂಗ್ಲಿಷಿನ 'ಅಪೀಲ್' ಕೂಡ ಮೂಲದಲ್ಲಿ ಕರೆಯುವುದೇ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ಅವರ ಭಾಷೆ ಹಕ್ಕಿನ ಭಾಷೆ, ನಮ್ಮದು ಯಾಚನೆಯ ಭಾಷೆ ಎಂದು ಬೀಸು ಮಾತಾಡುವುದು ಸಲ್ಲದು. ನಮ್ಮಲ್ಲಿಯೂ ಇನ್ನೊಂದು ಬಗೆಯಿತ್ತು. ನಾವು ಅದನ್ನು ಗಮನಿಸಲಿಲ್ಲ ಎಂಬುದೇ ನನ್ನ ದೂರು.

ದ್ಯೂತಸಭೆಯ ಪ್ರಸಂಗವನ್ನು ನೆನೆಯಿರಿ. ದ್ರೌಪದಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೈಯೆತ್ತಿ ಕೃಷ್ಣನಿಗೆ ಮೊರೆಯಿಡುವ ಹೆಂಗಸು. ಕುಮಾರವ್ಯಾಸ ಆ ಮೊರೆಯನ್ನು ಹಾಡಿದ ರೀತಿಗೆ ಗಮಕದ ಸಭೆಗಳಲ್ಲಿ ಕಣ್ಣೊರೆಸಿಕೊಳ್ಳದವರಿಲ್ಲ, ನಾನೂ ಒರೆಸಿಕೊಂಡಿದ್ದೇನೆ. ಆದರೆ ಅವಳು ಮೊದಲು ಮಾಡಿದ್ದು ಅದಲ್ಲ. ಕರೆಯಲು ಬಂದ ಪ್ರಾತಿಕಾಮಿಯನ್ನು ಅವಳು ಅಳುತ್ತ ಹಿಂಬಾಲಿಸಲಿಲ್ಲ. ಅವನನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಅಟ್ಟಿದಳು, ಒಂದು ಪ್ರಶ್ನೆಯೊಡನೆ: ದೊರೆ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಬೇರೊಬ್ಬರನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂಬುದು ಅದರ ಒಳಗಿನ ವಾದ. ಇದು ಅಂಗಲಾಚುವ ಮಾತಲ್ಲ. ಸಭೆ ಉತ್ತರ ಕೊಡಲೇಬೇಕಾದ ಪ್ರಶ್ನೆ. ಹಿಂದಕ್ಕೆ ಓಡಿದ ದೂತನೊಡನೆ ಸಭೆಗೆ ಬಂದದ್ದು ನಿಜವಾದ 'ರಿಕೋರ್ಸ್'. ಭೀಷ್ಮ ಧರ್ಮ ಸೂಕ್ಷ್ಮವೆಂದ. ವಿಕರ್ಣನೊಬ್ಬ ಅವಳ ಪಕ್ಷದಲ್ಲಿ ಎದ್ದು ನಿಂತ. ಅವನನ್ನು ಕರ್ಣ ಮಾತಿನಲ್ಲಿ ಹೊಡೆದು ಕೂರಿಸಿದ. ದಾರಿ ಮುಚ್ಚಿತು. ದಾರಿ ಮುಚ್ಚಿದ ಮೇಲೆ ಉಳಿದದ್ದು ಕೂಗು.

ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣನನ್ನು ಕರೆಯುವ ಪ್ರಾರ್ಥನೆ ಮೂಲಪಾಠದಿಂದ ಹೊರಗುಳಿದಿದೆ. ಪ್ರಶ್ನೆ ಮಾತ್ರ ಒಳಗಿದೆ. ಇದರಿಂದ ಕುಮಾರವ್ಯಾಸನಿಗೆ ಕುಂದಿಲ್ಲ. ಭಕ್ತಕವಿ ತನ್ನ ದೃಷ್ಟಿಗೆ ತಕ್ಕದ್ದನ್ನು ಮಾಡಿದ. ಕುಂದು ನಮ್ಮದು. ಮೊರೆಯನ್ನು ಬಾಯಿಪಾಠ ಮಾಡಿದ ನಾವು ಪ್ರಶ್ನೆಯನ್ನು ಮರೆತೆವು. ನಾನು ತರಗತಿಯಲ್ಲಿ ಈ ಭಾಗವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಕೂಗಿಗೆ ಎರಡು ಗಂಟೆ, ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟಿದ್ದೇನೆ.

ಮುಚ್ಚಿದ ದಾರಿಯ ಕೊನೆಯಲ್ಲಿ ಏನಿದೆಯೆಂಬುದನ್ನು ಲೋಕ ಒಮ್ಮೆ ಬರೆದಿಟ್ಟಿದೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ ಪೀಠಿಕೆಯಲ್ಲಿ ಒಂದು ವಾಕ್ಯವಿದೆ. ಮನುಷ್ಯನು ದಬ್ಬಾಳಿಕೆಯ ವಿರುದ್ಧ ದಂಗೆಯೇಳುವುದನ್ನೇ ಕೊನೆಯ ದಾರಿಯಾಗಿ ಹಿಡಿಯುವಂತಾಗಬಾರದಾದರೆ, ಅವನ ಹಕ್ಕುಗಳನ್ನು ಕಾನೂನಿನ ಆಳ್ವಿಕೆ ಕಾಯಬೇಕು ಎಂದು ಅದರ ಸಾರ. 'ರಿಕೋರ್ಸ್', 'ರೆಸಾರ್ಟ್' ಎರಡು ಪದಗಳೂ ಆ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕುಳಿತಿವೆ. ಅದಕ್ಕೆ ಸರಿಯಾಗಿ ಹಿಂದಿನ ದಿನ, ಡಿಸೆಂಬರ್ 9ರಂದು, ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು, ಈಗ 32ನೆಯ ಅನುಚ್ಛೇದವಾಗಿರುವ ವಿಧಿಯನ್ನು ಕುರಿತು, ಇಡೀ ಸಂವಿಧಾನದ ಆತ್ಮವೂ ಹೃದಯವೂ ಇದೇ ಎಂಬರ್ಥದಲ್ಲಿ ಮಾತಾಡಿದ್ದರು. ಮೂಲಭೂತ ಹಕ್ಕಿಗೆ ಕುಂದು ಬಂದಾಗ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ಅದು. ಆ ಹೋಗುವಿಕೆಯೇ ಒಂದು ಮೂಲಭೂತ ಹಕ್ಕು. ಕೂಗುವುದಕ್ಕೆ ಯಾರ ಅಪ್ಪಣೆಯೂ ಬೇಡ, ಅದು ಎಂದೂ ಇತ್ತು. ದಾರಿಯನ್ನು ಯಾರಾದರೂ ಕಡಿಯಬೇಕು, ಕಾಯಬೇಕು.

ಹೀಗಿರಲಾಗಿ, ನಾಗರಿಕನೊಬ್ಬ ಆ ಹಕ್ಕನ್ನು ಚಲಾಯಿಸಿದ ಮರುದಿನ ನಮ್ಮ ಪತ್ರಿಕೆಗಳು "ನ್ಯಾಯಾಲಯದ ಮೊರೆಹೋದರು" ಎಂದು ಬರೆಯುವುದು ಸರಿಯೆ? ಹಕ್ಕಿನಿಂದ ನಡೆದು ಹೋದವನನ್ನು ನಾವು ಮಾತಿನಲ್ಲಿ ಮೊಣಕಾಲೂರಿಸುತ್ತೇವೆ. ಇತ್ತೀಚೆಗಂತೂ ಈ ಪದ ಹತೋಟಿ ತಪ್ಪಿದೆ. ಬಿಸಿಲಿಗೆ ಬೆಂದವರು ಎಳನೀರಿನ ಮೊರೆಹೋಗುತ್ತಾರೆ. ಬೆಳೆಗಾರ ಕೀಟನಾಶಕದ ಮೊರೆಹೋಗುತ್ತಾನೆ. ಎಳನೀರಿನ ಮುಂದೆ ನಿಂತು ಗೋಳಾಡಿದವರನ್ನು ನಾನು ಇದುವರೆಗೆ ಕಂಡಿಲ್ಲ. ಪದ ಸವೆದರೆ ನಷ್ಟ ಪದಕ್ಕಷ್ಟೇ ಅಲ್ಲ. ನಿಜವಾಗಿ ಮೊರೆಯಿಡುವವನು ಬಂದಾಗ ಅವನಿಗೆ ಕೊಡಲು ನಮ್ಮಲ್ಲಿ ಮಾತು ಉಳಿದಿರುವುದಿಲ್ಲ.

ಹಾಗಾದರೆ 'ರಿಕೋರ್ಸ್'ಗೆ ಕನ್ನಡವೇನು? ಹೊಣೆಯ ಅರ್ಥದಲ್ಲಿ ರಾಯರ ಮನೆಯಾಕೆ ಹೇಳಿದ್ದನ್ನು ಮೀರಿಸಲಾರೆ: 'ಮೇಲೆ ಬರುವ ಹಕ್ಕು'. ಹುಂಡಿಯ ಬೆನ್ನಿನ ರುಜುವಿಗೆ, ಕಚೇರಿಯ ಷರಾಕ್ಕೆ 'ಹಿಂಬರಹ' ಎಂಬ ಚೊಕ್ಕವಾದ ಮಾತನ್ನು ಕಟ್ಟಿದ ಭಾಷೆಗೆ ಇದೇನೂ ಭಾರವಲ್ಲ. ನೆರವಿನ ಅರ್ಥದಲ್ಲಿ ಬೇಕಾದ ಪದವೂ ನಮ್ಮ ಬಾಯಲ್ಲೇ ಇದೆ. ನಾನೇ ಮೇಲೆ ಹುಂಡಿಯ ಮಾತಾಡುವಾಗ ಅರಿವಿಲ್ಲದೆ ಬಳಸಿದ್ದೇನೆ. ಅದು 'ಗತಿ'. ಸಂಸ್ಕೃತದಲ್ಲಿ ಗಮ್ ಧಾತುವಿನಿಂದ ಬಂದದ್ದು: ಹೋಗುವುದು, ನಡೆ, ದಾರಿ, ಅದರಿಂದ ಹೋಗಿ ಸೇರುವ ಎಡೆ. ಓಟದಿಂದ 'ರಿಕೋರ್ಸ್' ಹೇಗೆ ನೆರವಿನ ದಾರಿಯಾಯಿತೋ ಹಾಗೆಯೇ ನಡೆಯಿಂದ 'ಗತಿ' ಆಸರೆಯಾಯಿತು. ಶರಣು ಎಂಬುದು ಬೇರೆ, ಗತಿ ಎಂಬುದು ಬೇರೆ. ಭಗವದ್ಗೀತೆಯ 9ನೆಯ ಅಧ್ಯಾಯದಲ್ಲಿ ಭಗವಂತನು ತಾನು ಏನೇನೆಂದು ಎಣಿಸುವಾಗ ಎರಡನ್ನೂ ಬಿಡಿಬಿಡಿಯಾಗಿ ಎಣಿಸಿದ್ದಾನೆ. ನಮ್ಮ ಹಳ್ಳಿಯ ಮುದುಕಿ "ಗತಿಯಿಲ್ಲದವರು" ಎನ್ನುವಾಗ ಹಣವಿಲ್ಲದವರು ಎಂದಷ್ಟೇ ಹೇಳುತ್ತಿಲ್ಲ. ಹೋಗಲು ದಾರಿಯಿಲ್ಲದವರು ಎನ್ನುತ್ತಾಳೆ. ದಾರಿದ್ರ್ಯಕ್ಕೆ ಇದಕ್ಕಿಂತ ಖಚಿತವಾದ ಲಕ್ಷಣವನ್ನು ನಾನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿಲ್ಲ.

ರಾಯರು ತಮ್ಮ ಉಳಿತಾಯದಿಂದ ಬಾಕಿಯನ್ನು ಕಟ್ಟಿದರು. ನಾನು ಪ್ರಾಯಶ್ಚಿತ್ತವೆಂಬಂತೆ ಕಾನೂನು ಬಲ್ಲ ಮಿತ್ರರನ್ನು ಕಂಡು ಬಂದೆ. 1872ರ ಕರಾರು ಕಾಯಿದೆಯ 145ನೆಯ ವಿಧಿಯಂತೆ ಜಾಮೀನುದಾರ ಕಟ್ಟಿದ್ದನ್ನು ಸಾಲಗಾರ ತುಂಬಿಕೊಡಲೇಬೇಕು; ಎಂದರೆ ರಾಯರಿಗೂ ಅಳಿಯನ ಮೇಲೆ ಬರುವ ಹಕ್ಕಿದೆ. ಇದನ್ನು ಈ ಸಲ ಸರಿಯಾದ ಕನ್ನಡದಲ್ಲಿಯೇ ಹೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ದಾರಿ ಇದೆ ಎನ್ನುತ್ತೀರಿ. ಸಂತೋಷ ಮೇಷ್ಟ್ರೇ, ಅದು ಇರಬೇಕು. ಆದರೆ ಅವನು ಊರಲ್ಲಿಲ್ಲ. ನಾನು ಹಿಂದಕ್ಕೆ ಹೋದರೆ ಸಿಕ್ಕುವುದು ನನ್ನ ತಂಗಿಯ ಮನೆಯ ಬಾಗಿಲು" ಎಂದರು.

ಅವರು ದಾವಾ ಹೂಡಲಿಲ್ಲ. ಆದರೆ ನಾನು ಹೇಳಿದ ವಿಧಿಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಬ್ಯಾಂಕಿನ ಎರಡು ಕಾಗದಗಳ ಜೊತೆಗೆ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.